ಅಳತೆ ಲಂಡನ್ನಿನಲ್ಲಿ, ಹೊಲಿಗೆ ಹಾಂಗ್‌ಕಾಂಗ್‌ನಲ್ಲಿ: ಎರಡು ಸೂಟುಗಳ ಒಂದು ಪ್ರಕರಣ

ನನ್ನ ಭಾವಮೈದ ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿದ್ದಾನೆ. ಕೆಲಸ ಲಂಡನ್ನಿನ ಒಂದು ಬ್ಯಾಂಕಿನಲ್ಲಿ. ಮದುವೆ ಗೊತ್ತಾಯಿತು, ಡಿಸೆಂಬರಿಗೆ ಮೈಸೂರಿನಲ್ಲಿ ಆರತಕ್ಷತೆ ಎಂದು ನಿಶ್ಚಯವಾಯಿತು. ಅದಕ್ಕೊಂದು ಒಳ್ಳೆಯ ಸೂಟು ಬೇಕು, ಆಫೀಸಿಗೂ ಒಂದಿರಲಿ ಎಂದು ಅವನ ಲೆಕ್ಕ. ಅಂಗಡಿಯ ರೆಡಿಮೇಡ್ ಕೋಟು ಅವನ ಮೈಮೇಲೆ ಯಾವತ್ತೂ ಸರಿಯಾಗಿ ಕೂತದ್ದಿಲ್ಲ. ಲಂಡನ್ನಿನ ಸವಿಲ್ ರೋ ಬೀದಿಯಲ್ಲಿ ಹೊಲಿಸೋಣ ಎಂದರೆ ಒಂದು ಸೂಟಿಗೆ ಐದು ಸಾವಿರ ಪೌಂಡ್ ದಾಟುವುದು ಅಲ್ಲಿ ಮಾಮೂಲು. ಆಗ ಆಫೀಸಿನ ಹಿರಿಯರೊಬ್ಬರು ಹಾಂಗ್‌ಕಾಂಗ್‌ನ ಟೈಲರ್ ಒಬ್ಬರ ವಿಷಯ ಹೇಳಿದರು. ಅವರು ವರ್ಷಕ್ಕೆ ಎರಡು ಸಲ ಲಂಡನ್ನಿಗೆ ಬರುತ್ತಾರೆ, ಹೋಟೆಲಿನಲ್ಲಿ ರೂಮು ಮಾಡಿ ಅಳತೆ ತೆಗೆದುಕೊಳ್ಳುತ್ತಾರೆ, ಹಾಂಗ್‌ಕಾಂಗ್‌ನಲ್ಲಿ ಹೊಲಿಸಿ ಕೊರಿಯರಿನಲ್ಲಿ ಕಳಿಸುತ್ತಾರೆ. ಮಾರ್ಚಿಯಲ್ಲಿ ಇವನು ಅಲ್ಲಿಗೆ ಹೋದ. ಎರಡು ಸೂಟು, ಒಂದು ಹೆಚ್ಚುವರಿ ಪ್ಯಾಂಟು, ನಾಲ್ಕು ಶರ್ಟು ಸೇರಿದ ಪ್ಯಾಕೇಜು ಒಪ್ಪಿ, ಅರ್ಧ ಹಣ ಅಲ್ಲೇ ಕಟ್ಟಿ ಬಂದ.

ಮೇ ತಿಂಗಳಲ್ಲಿ ಪೆಟ್ಟಿಗೆ ಬಂತು. ಎರಡೂ ಕೋಟಿನಲ್ಲಿ ಒಂದೇ ದೋಷ, ಒಂದೇ ಜಾಗದಲ್ಲಿ.

ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಪ್ಯಾಟರ್ನ್ ಮಾಸ್ಟರ್. ಬಟ್ಟೆ ಕತ್ತರಿಸಲು ಬೇಕಾದ ನಕ್ಷೆ, ಅಂದರೆ ಪ್ಯಾಟರ್ನ್, ಬರೆಯುವುದು ನನ್ನ ಕೆಲಸ. ಹೀಗಾಗಿ ಮೊದಲ ಫೋನು ನನಗೇ ಬಂತು. ಅಲ್ಲಿಂದ ಡಿಸೆಂಬರಿನವರೆಗೆ ಈ ಸೂಟುಗಳ ಫೋಟೋ, ಅಳತೆ, ಪತ್ರ ಎಲ್ಲವನ್ನೂ ನೋಡಿದೆ, ಕೊನೆಗೆ ಕೋಟುಗಳನ್ನೇ ಕೈಯಲ್ಲಿ ಹಿಡಿದು ಒಳಗೆ ಹೊರಗೆ ತಿರುವಿದೆ. ಭಾವಮೈದನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಟೈಲರ್ ಹೆಸರು ಬೇಡ. ಅವರು ಮೋಸಗಾರರಲ್ಲ, ಕೊನೆಯಲ್ಲಿ ಸರಿಯಾಗಿಯೇ ನಡೆದುಕೊಂಡರು. ಎಡವಿದ್ದು ಕೆಲಸ ಮಾಡುವ ಕ್ರಮದಲ್ಲಿ. ವಿದೇಶದಲ್ಲಿರುವ ನಮ್ಮ ಎಷ್ಟೋ ಹುಡುಗರು ಇದೇ ಕ್ರಮದಲ್ಲಿ ಹಣ ಕಟ್ಟುತ್ತಿದ್ದಾರೆ. ಅದಕ್ಕೇ ಇದನ್ನು ವಿವರವಾಗಿ ಬರೆಯಬೇಕು ಅನ್ನಿಸಿತು.

ಹಾಂಗ್‌ಕಾಂಗ್‌ಗೆ ಈ ಹೆಸರು ಸುಮ್ನೆ ಬಂದದ್ದಲ್ಲ. ಹಿಂದೆ ಪಾಶ್ಚಾತ್ಯ ಉಡುಪು ಹೊಲಿಯುವುದರಲ್ಲಿ ಚೀನಾದ ಶಾಂಘೈ ಊರಿನ ದರ್ಜಿಗಳು ಎತ್ತಿದ ಕೈ. 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ಅವರಲ್ಲಿ ಬಹಳ ಮಂದಿ ಹಾಂಗ್‌ಕಾಂಗ್‌ಗೆ ಬಂದು ನೆಲೆಸಿದರು. ಆಗ ಅದು ಬ್ರಿಟಿಷರ ವಸಾಹತು. ಇನ್ನೊಂದು ಕಡೆ ನಮ್ಮ ಸಿಂಧಿ ವ್ಯಾಪಾರಿಗಳು. 1947ರ ವಿಭಜನೆಯಲ್ಲಿ ಊರು ಬಿಟ್ಟ ಸಿಂಧಿಗಳಲ್ಲಿ ಹಲವರು ಅಲ್ಲಿಗೆ ಹೋಗಿ ಬಟ್ಟೆ ವ್ಯಾಪಾರ, ಟೈಲರಿಂಗ್ ಹಿಡಿದರು. ಕೌಲೂನ್ ಕಡೆಯ ನೇಥನ್ ರಸ್ತೆ, ಚಿಮ್ ಶಾ ಚುಯಿ ಸುತ್ತಮುತ್ತ ಈಗಲೂ ಭಾರತೀಯ ಮೂಲದವರ ಟೈಲರ್ ಅಂಗಡಿಗಳು ಸಿಗುತ್ತವೆ. ಗಿರಾಕಿಯ ಜೊತೆ ಮಾತು ಇವರದು, ಕತ್ತರಿ ಸೂಜಿ ಚೀನೀ ದರ್ಜಿಗಳದು, ಹೀಗೆ ಕೂಡಿ ನಡೆದ ಅಂಗಡಿಗಳು ಬಹಳ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ರಜೆಗೆ ಬರುತ್ತಿದ್ದ ಅಮೆರಿಕದ ಸೈನಿಕರು ಇಲ್ಲಿ ಸೂಟು ಹೊಲಿಸಿಕೊಂಡು ಹೋಗುತ್ತಿದ್ದರು. 24 ಗಂಟೆಯಲ್ಲಿ ಸೂಟು ಎಂಬ ಪ್ರಸಿದ್ಧಿ ಬಂದದ್ದು ಆ ದಿನಗಳಲ್ಲಿ. ಬಂದರಿನಲ್ಲಿ ಬಟ್ಟೆಗೆ ಆಮದು ಸುಂಕವಿಲ್ಲ. ಇಂಗ್ಲೆಂಡ್, ಇಟಲಿಯ ಉಣ್ಣೆ ಬಟ್ಟೆ ತರಿಸಿಕೊಂಡು ಹೊಲಿಯುವುದಕ್ಕೆ ಅದೂ ಅನುಕೂಲ. ಗಿರಾಕಿ ಬರುವುದನ್ನು ಕಾಯುತ್ತಾ ಕೂರದೆ, ಟೈಲರೇ ಬಟ್ಟೆಯ ತುಂಡುಗಳ ಪುಸ್ತಕ ಹೊತ್ತುಕೊಂಡು ಅಮೆರಿಕ, ಯುರೋಪಿನ ಊರೂರು ತಿರುಗುವ ಪದ್ಧತಿ ಹೀಗೇ ಬೆಳೆಯಿತು.

ಇನ್ನು ಆ ಹೋಟೆಲ್ ರೂಮಿನ ವಿಷಯ. ಅಲ್ಲಿ ಏನು ನಡೆಯಿತು ಎಂದು ಅವನನ್ನು ಬಿಡಿಸಿ ಬಿಡಿಸಿ ಕೇಳಿದ್ದೇನೆ. ಮಂಚವನ್ನು ಗೋಡೆಗೆ ಸರಿಸಿದ್ದರು. ಮೇಜಿನ ಮೇಲೆ ಬಟ್ಟೆ ತುಂಡುಗಳ ದಪ್ಪ ದಪ್ಪ ಪುಸ್ತಕಗಳು. ಒಬ್ಬರು ಟೇಪು ಹಿಡಿದು ಅಂಕಿ ಹೇಳುತ್ತಾ ಹೋದರು, ಇನ್ನೊಬ್ಬರು ಫಾರಂನಲ್ಲಿ ಬರೆದುಕೊಂಡರು. ಎದೆ ಸುತ್ತು, ಹೊಟ್ಟೆ ಸುತ್ತು, ಸೀಟು, ಭುಜದ ಅಗಲ, ತೋಳಿನ ಉದ್ದ, ಕೋಟಿನ ಉದ್ದ, ತೊಡೆ, ಮೊಣಕಾಲು, ಪ್ಯಾಂಟಿನ ಉದ್ದ. ಮೂರು ಫೋಟೋ ತೆಗೆದರು. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಹೊರಗೆ ಕಾರಿಡಾರಿನಲ್ಲಿ ಮುಂದಿನ ಗಿರಾಕಿ ಕಾಯುತ್ತಿದ್ದರು. ಅಳತೆಗೆ ಹಿಡಿದದ್ದು ಹತ್ತು ಹದಿನೈದು ನಿಮಿಷ. ಬಟ್ಟೆ ಆರಿಸಲು ಅದಕ್ಕಿಂತ ಜಾಸ್ತಿ ಹೊತ್ತಾಯಿತು.

ಆ ಮೂರು ಫೋಟೋಗಳನ್ನು ಆಮೇಲೆ ತರಿಸಿ ನೋಡಿದೆ. ಫೋನನ್ನು ಮುಖದ ಎತ್ತರದಲ್ಲಿ ಹಿಡಿದು, ಸ್ವಲ್ಪ ಕೆಳಮುಖವಾಗಿ ತೆಗೆದಿದ್ದರು. ಹಾಗೆ ತೆಗೆದರೆ ಭುಜದ ಇಳಿಜಾರು ಸರಿಯಾಗಿ ಕಾಣುವುದಿಲ್ಲ. ಜೊತೆಗೆ ಫೋಟೋ ಎಂದ ಕೂಡಲೇ ಇವನು ಎದೆಯುಬ್ಬಿಸಿ, ಗದ್ದ ಎತ್ತಿ ನಿಂತಿದ್ದ. ದಿನವೂ ಅವನು ನಿಲ್ಲುವುದು ಹಾಗಲ್ಲ. ಕಂಪ್ಯೂಟರ್ ಮುಂದೆ ಕೂತು ಕೂತು ಅವನ ಕತ್ತು ಮುಂದಕ್ಕೆ ಬಂದಿದೆ, ಬೆನ್ನಿನ ಮೇಲ್ಭಾಗ ಕೊಂಚ ದುಂಡಗಾಗಿದೆ. ಬ್ಯಾಗು ಯಾವಾಗಲೂ ಎಡಭುಜಕ್ಕೆ ಏರಿಸಿ ಹಿಡಿಯುವವನು, ಬಲಭುಜ ಎಡಕ್ಕಿಂತ ಕೆಳಗಿದೆ. ಇದರಲ್ಲಿ ಕಾಯಿಲೆ ಏನೂ ಇಲ್ಲ, ಮುಕ್ಕಾಲು ಜನರ ಮೈ ಹೀಗೆ ಒಂದಿಲ್ಲೊಂದು ಕಡೆ ವಾಲಿರುತ್ತದೆ. ಕೋಟು ಕತ್ತರಿಸುವವನಿಗೆ ಗೊತ್ತಾಗಬೇಕಿದ್ದದ್ದೂ ಇದೇ.

ಬಟ್ಟೆಯ ಆಯ್ಕೆ ಬಗ್ಗೆ ಎರಡು ಮಾತು. ಆರತಕ್ಷತೆಗೆ ನೇವಿ ಬಣ್ಣದ ಸಾದಾ ಉಣ್ಣೆ, ಸೂಪರ್ 110. ಆಫೀಸಿಗೆ ಬೂದು ಬಣ್ಣದ ಚೌಕಳಿ, ಸೂಪರ್ 150. ಈ ನಂಬರು ಹೇಳುವುದು ಉಣ್ಣೆಯ ಎಳೆ ಎಷ್ಟು ತೆಳು ಎಂಬುದನ್ನು ಮಾತ್ರ. ಅಂತರರಾಷ್ಟ್ರೀಯ ಉಣ್ಣೆ ಜವಳಿ ಸಂಸ್ಥೆಯ ನಿಯಮದ ಪ್ರಕಾರ ಸೂಪರ್ 100 ಎನ್ನಬೇಕಾದರೆ ಎಳೆಯ ದಪ್ಪ ಸರಾಸರಿ 18.75 ಮೈಕ್ರಾನ್ ಮೀರಬಾರದು, ಸೂಪರ್ 150ಕ್ಕೆ 16.25. ನಂಬರು ಹತ್ತು ಏರಿದರೆ ಎಳೆ ಅರ್ಧ ಮೈಕ್ರಾನ್ ತೆಳುವಾಗಬೇಕು. ತೆಳು ಎಳೆ ಮುಟ್ಟಿದರೆ ಬೆಣ್ಣೆ, ಬಾಳಿಕೆ ಕಡಿಮೆ. ದಿನಾ ರೈಲಿನಲ್ಲಿ ಓಡಾಡುವವನ ಆಫೀಸು ಸೂಟಿಗೆ ಅದು ತಕ್ಕದ್ದಲ್ಲ. ನಂಬರು ಜಾಸ್ತಿಯಾದಷ್ಟೂ ಬಟ್ಟೆ ಒಳ್ಳೆಯದು ಎಂದು ಅಲ್ಲಿ ಹೇಳಿದರು, ಇವನು ನಂಬಿದ. ಹೆಚ್ಚುವರಿ ಪ್ಯಾಂಟನ್ನು ನೇವಿಗೆ ಮಾಡಿಸಿಕೊಂಡ. ಸವೆಯುವುದು ಆಫೀಸಿನದು, ಅದಕ್ಕಲ್ವಾ ಎರಡನೇ ಪ್ಯಾಂಟು ಬೇಕಾಗಿದ್ದದ್ದು? ವರ್ಷ ತಿರುಗುವ ಮೊದಲೇ ಬೂದು ಪ್ಯಾಂಟಿನ ಒಳತೊಡೆ ಜಾಗದಲ್ಲಿ ಬಟ್ಟೆ ಜಾಲರಿ ಹಿಡಿಯಿತು.

ಪೆಟ್ಟಿಗೆ ಬಂದಾಗ ಮೊದಲು ಕಟ್ಟಿದ್ದು ತೆರಿಗೆ. ಬ್ರಿಟನ್ನಿನಲ್ಲಿ 135 ಪೌಂಡ್ ಮೀರಿದ ಪಾರ್ಸೆಲ್ಲಿಗೆ ಆಮದು ಸುಂಕ ಬೀಳುತ್ತದೆ. ಇಂಥ ಉಡುಪಿಗೆ ಅದು ಶೇಕಡಾ 12. ಅದರ ಮೇಲೆ ಶೇಕಡಾ 20 ವ್ಯಾಟ್, ಅದೂ ಸುಂಕ ಸೇರಿಸಿದ ಮೊತ್ತದ ಮೇಲೆ. ಸಾಗಣೆ ಸೇರಿ 600 ಪೌಂಡಿನ ಒಂದು ಸೂಟು ಎಂದಿಟ್ಟುಕೊಳ್ಳಿ. ಸುಂಕ 72, ಆಗ 672. ವ್ಯಾಟ್ 134.40. ಕೈಗೆ ಬರುವ ಹೊತ್ತಿಗೆ 806.40, ಮೇಲೆ ಕೊರಿಯರ್ ಕಂಪನಿಯ ಫೀಸು. ಈ ಲೆಕ್ಕವನ್ನು ಹೋಟೆಲಿನಲ್ಲಿ ಯಾರೂ ಹೇಳಿರಲಿಲ್ಲ. ಬೇಕಿದ್ದರೆ ಬೆಲೆ ಕಡಿಮೆ ಬರೆದು ಉಡುಗೊರೆ ಎಂದು ಕಳಿಸುತ್ತೇವೆ ಎಂದಿದ್ದರಂತೆ. ಅದಕ್ಕೆ ಇವನು ಒಪ್ಪಲಿಲ್ಲ, ಬಹಳ ಒಳ್ಳೆಯ ಕೆಲಸ ಮಾಡಿದ. ಅದು ಸುಳ್ಳು ಲೆಕ್ಕ, ಕಾನೂನಿಗೆ ವಿರುದ್ಧ. ಪಾರ್ಸೆಲ್ ಕಳೆದುಹೋದರೆ ವಿಮೆಯ ಹಣವೂ ಆ ಸುಳ್ಳು ಬೆಲೆಯಷ್ಟೇ. ಅಮೆರಿಕದಲ್ಲಿರುವವರೂ ಗಮನಿಸಬೇಕು. ಅಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್ಲಿಗೆ ಇದ್ದ ಸುಂಕ ವಿನಾಯಿತಿ ಚೀನಾ ಮತ್ತು ಹಾಂಗ್‌ಕಾಂಗ್‌ನಿಂದ ಬರುವ ಸರಕಿಗೆ 2025ರ ಮೇ 2ರಿಂದ ನಿಂತಿದೆ, ಆಗಸ್ಟ್ 29ರಿಂದ ಉಳಿದ ದೇಶಗಳಿಗೂ.

ಅಂದು ಸಂಜೆ ವಿಡಿಯೋ ಕಾಲ್ ಬಂತು. "ಭಾವ, ಕನ್ನಡಿಯಲ್ಲಿ ಮುಂದಿನಿಂದ ಚೆನ್ನಾಗೇ ಕಾಣುತ್ತೆ. ಫೋಟೋ ತೆಗೆಸಿದರೆ ಕತ್ತಿನ ಹಿಂದೆ ಏನೋ ವಿಚಿತ್ರವಾಗಿದೆ" ಎಂದ. ಫೋನನ್ನು ಎದೆ ಎತ್ತರದಲ್ಲಿ ಪುಸ್ತಕಗಳ ಮೇಲೆ ನಿಲ್ಲಿಸಿ, ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ನಿಲ್ಲು ಎಂದೆ. ಚೌಕಟ್ಟಿನ ನೆಟ್ಟಗೆರೆ ಪಕ್ಕದಲ್ಲಿದ್ದರೆ ಮೈ ಎತ್ತ ವಾಲಿದೆ ಎಂದು ತಿಳಿಯುತ್ತದೆ. ಆಮೇಲೆ ಕೈ ಇಳಿಬಿಟ್ಟು, ಎರಡು ಸಲ ನಡೆದು ಬಂದು, ಸುಮ್ಮನೆ ನಿಂತುಕೋ ಎಂದೆ. ನಡೆದು ಬಂದವನು ತನ್ನ ಸಹಜ ಭಂಗಿಗೆ ತಾನೇ ಬೀಳುತ್ತಾನೆ.

ಪಕ್ಕದಿಂದ ನೋಡಿದೆ. ಕೋಟಿನ ಕಾಲರ್ ಶರ್ಟಿನ ಕಾಲರಿಗೆ ಅಂಟಿ ಕೂರಬೇಕು. ಇಲ್ಲಿ ಎರಡರ ಮಧ್ಯೆ ಒಂದು ಬೆರಳು ಆರಾಮಾಗಿ ಹೋಗುವಷ್ಟು ಸಂದು. ಕೋಟಿನ ಕೆಳ ಅಂಚು ನೆಲಕ್ಕೆ ಸಮವಾಗಿರದೆ ಹಿಂದೆ ಮೇಲಕ್ಕೆ ಎದ್ದಿದೆ. ಹಿಂದಿನಿಂದ ನೋಡಿದರೆ ಬಲಗಡೆ ಕಾಲರಿನ ಬುಡದಿಂದ ಕಂಕುಳ ಕಡೆಗೆ ಓರೆಯಾಗಿ ಒಂದು ಮಡಿಕೆ. ಎಡಗಡೆ ಅದಿಲ್ಲ. ತೋಳುಗಳ ಹಿಂಭಾಗದಲ್ಲಿ ಮೊಣಕೈವರೆಗೂ ಸುಕ್ಕು, ತೋಳು ಕೈಯ ದಿಕ್ಕಿಗೆ ಇಳಿಯದೆ ಬೇರೆ ದಿಕ್ಕಿಗೆ ಇಳಿಯುತ್ತಿದೆ. ಗುಂಡಿ ಹಾಕಿದಾಗ ಎದೆ, ಹೊಟ್ಟೆಯಲ್ಲಿ ಎಳೆತವಿಲ್ಲ. ಅಂದರೆ ಟೇಪು ಹೇಳಿದ ಅಂಕಿಗಳೆಲ್ಲ ಸರಿ ಇವೆ! ತೋಳಿನ ಉದ್ದ ಅರ್ಧ ಇಂಚು ಜಾಸ್ತಿ, ಅದೊಂದು ಬಿಟ್ಟರೆ.

ಸುತ್ತಳತೆ ಸರಿಯಿದ್ದೂ ಕೋಟು ಕೂರದಿರುವುದು ಹೇಗೆ? ಕೋಟು ಇಡೀ ಭುಜದಿಂದ ನೇತಾಡುವ ಉಡುಪು. ಬೆನ್ನು ದುಂಡಗಿದ್ದರೆ ಕತ್ತಿನಿಂದ ಸೊಂಟದವರೆಗೆ ಹಿಂಭಾಗದಲ್ಲಿ ಬಟ್ಟೆ ಹೆಚ್ಚು ಉದ್ದ ಬೇಕು, ಮುಂಭಾಗದಲ್ಲಿ ಕಡಿಮೆ. ಅದನ್ನು ಕೊಡದಿದ್ದರೆ ಬೆನ್ನಿನ ಉಬ್ಬು ಬಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಮೇಲೆ ಕಾಲರ್ ಕತ್ತು ಬಿಟ್ಟು ಹಿಂದೆ ಸರಿಯುತ್ತದೆ, ಕೆಳಗೆ ಅಂಚು ಮೇಲೇಳುತ್ತದೆ. ಬಲಭುಜ ತಗ್ಗಿದ್ದರೆ ಆ ಕಡೆ ಉಳಿದ ಬಟ್ಟೆ ಎಲ್ಲಿಗೂ ಹೋಗಲಾರದೆ ಓರೆ ಮಡಿಕೆಯಾಗಿ ನಿಲ್ಲುತ್ತದೆ. 40 ಇಂಚಿನ ಎದೆಯವರು ಇಬ್ಬರನ್ನು ನಿಲ್ಲಿಸಿ, ಒಬ್ಬರು ಪೊಲೀಸಿನವರ ಹಾಗೆ ನೆಟ್ಟಗೆ, ಇನ್ನೊಬ್ಬರು ನನ್ನ ಭಾವಮೈದನ ಹಾಗೆ. ಟೇಪಿನಲ್ಲಿ ಇಬ್ಬರೂ ಒಂದೇ, ಕೋಟಿನಲ್ಲಿ ಬೇರೆ ಬೇರೆ.

ಇಂಥ ಪ್ಯಾಕೇಜು ಸೂಟುಗಳಲ್ಲಿ ಗಿರಾಕಿಗೆಂದೇ ಹೊಸ ಪ್ಯಾಟರ್ನ್ ಬರೆಯುವುದು ಅಪರೂಪ. ಮೊದಲೇ ಸಿದ್ಧವಿರುವ 40ರ ಪ್ಯಾಟರ್ನ್ ತೆಗೆದು, ಫಾರಂ ನೋಡಿ ಹೊಟ್ಟೆಯಲ್ಲಿ ಇಷ್ಟು ಕಡಿಮೆ, ಉದ್ದದಲ್ಲಿ ಇಷ್ಟು ಜಾಸ್ತಿ ಎಂದು ತಿದ್ದಿ ಕತ್ತರಿಸುತ್ತಾರೆ. ಇದು ತಪ್ಪಲ್ಲ. ಬೆಲೆ ಕಡಿಮೆಯಾಗುವುದೇ ಇದರಿಂದ. ಆದರೆ ಆ ಮೂಲ ಪ್ಯಾಟರ್ನು ನೆಟ್ಟಗೆ, ಎರಡೂ ಭುಜ ಸಮವಾಗಿ ನಿಂತವನದು. ಫಾರಂನಲ್ಲಿ ಭಂಗಿಗೆ ಒಂದು ಖಾನೆ ಇತ್ತು, ಅದರಲ್ಲಿ ನಾರ್ಮಲ್ ಎಂದು ಬರೆದಿದ್ದರು. ಎದೆಯುಬ್ಬಿಸಿ ನಿಂತ ಫೋಟೋವೂ ಅದನ್ನೇ ಹೇಳಿತು.

ನನ್ನ ಕೆಲಸದ ಜಾಗದಲ್ಲಿ ಇದು ಹೀಗೆ ನಡೆಯಲು ಸಾಧ್ಯವೇ ಇಲ್ಲ, ನನಗೆ ಸಂಕಟವಾದದ್ದು ಅದಕ್ಕೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಫ್ಯಾಕ್ಟರಿಗಳು ವಿದೇಶಿ ಬ್ರ್ಯಾಂಡುಗಳಿಗೆ ಬಟ್ಟೆ ಹೊಲಿಯುತ್ತವೆ. ಆ ಬೈಯರ್‌ಗಳೂ ಕಡಲಾಚೆಯವರೇ, ನಮ್ಮ ಮುಖ ನೋಡದವರೇ. ಅವರು ಏನು ಮಾಡುತ್ತಾರೆ? ಮೊದಲು ಒಂದು ಫಿಟ್ ಸ್ಯಾಂಪಲ್ ಕೇಳುತ್ತಾರೆ. ಅದನ್ನು ಅಲ್ಲಿ ಮನುಷ್ಯನ ಮೈಮೇಲೆ ಹಾಕಿ ನೋಡಿ, ಕಾಮೆಂಟ್ ಬರೆದು ಕಳಿಸುತ್ತಾರೆ. ತಿದ್ದಿ ಮತ್ತೆ ಕಳಿಸಬೇಕು. ಆಮೇಲೆ ಎಲ್ಲ ಸೈಜಿನ ಒಂದೊಂದು ತುಂಡು, ಅದಕ್ಕೆ ಸೈಜ್ ಸೆಟ್ ಎನ್ನುತ್ತೇವೆ. ಆಮೇಲೆ ನಿಜವಾದ ಬಟ್ಟೆ, ನಿಜವಾದ ಗುಂಡಿಯಲ್ಲಿ ಪಿಪಿ ಸ್ಯಾಂಪಲ್, ಅಂದರೆ ಉತ್ಪಾದನೆಗೆ ಮುಂಚಿನ ಕೊನೆಯ ಮಾದರಿ. ಅದಕ್ಕೆ ಒಪ್ಪಿಗೆಯ ಸೀಲು ಬೀಳುವ ತನಕ ಬಲ್ಕ್, ಅಂದರೆ ಇಡೀ ಆರ್ಡರಿನ, ಬಟ್ಟೆಗೆ ಕತ್ತರಿ ತಾಗಿಸುವ ಹಾಗಿಲ್ಲ. ತಾಗಿಸಿದರೆ ನಷ್ಟ ಫ್ಯಾಕ್ಟರಿಯದು. ಇಷ್ಟೆಲ್ಲ ಕಾವಲು ಒಂದು ಸಾದಾ ಶರ್ಟಿಗೆ! ನನ್ನ ಭಾವಮೈದ ಒಂದು ಸ್ಯಾಂಪಲ್ಲೂ ನೋಡದೆ ತನ್ನ ಬಲ್ಕ್ ಆರ್ಡರ್ ಕೊಟ್ಟುಬಿಟ್ಟಿದ್ದ. ಎರಡು ಸೂಟು ಎಂದರೆ ಅವನಿಗೆ ಅದೇ ಬಲ್ಕ್. ಒಂದೇ ಪ್ಯಾಟರ್ನಿನಿಂದ ಎರಡನ್ನೂ ಒಟ್ಟಿಗೆ ಕತ್ತರಿಸಿದರು, ದೋಷವೂ ಎರಡಕ್ಕೆ ಹೋಯಿತು. ಪ್ಯಾಕೇಜು ಅಗ್ಗ ಎಂದು ಕಾಣುವುದು ಈ ಅಪಾಯವನ್ನು ಲೆಕ್ಕಕ್ಕೆ ಹಿಡಿಯದಿದ್ದಾಗ ಮಾತ್ರ.

ಶರ್ಟುಗಳು ಚೆನ್ನಾಗಿದ್ದವು. ಮೆತ್ತನೆ ಬಟ್ಟೆ, ಮೈಗೆ ಹೊಂದಿಕೊಳ್ಳುತ್ತದೆ. ಕೋಟಿನ ಎದೆಯೊಳಗೆ ಆಕಾರ ನಿಲ್ಲಲು ಕ್ಯಾನ್ವಾಸ್ ಎಂಬ ಬಿರುಸು ಬಟ್ಟೆಯ ಪದರ ಇಡುತ್ತೇವೆ ಎಂದಿದ್ದರು, ಇಟ್ಟಿದ್ದರು. ಎದೆ ಭಾಗದಲ್ಲಿ ಹೊರಬಟ್ಟೆಯನ್ನೂ ಲೈನಿಂಗನ್ನೂ ಎರಡು ಬದಿಯಿಂದ ಚಿವುಟಿ ಉಜ್ಜಿದರೆ ಮಧ್ಯೆ ಬಿಡಿಯಾದ ಮೂರನೇ ಪದರ ಕೈಗೆ ಸಿಗಬೇಕು. ಸಿಕ್ಕಿತು. ಒಳಪದರವನ್ನು ಅಂಟು ಹಚ್ಚಿ ಕೂರಿಸಿದ ಕೋಟಾದರೆ ಅದು ಸಿಗುವುದಿಲ್ಲ, ಡ್ರೈಕ್ಲೀನಿಗೆ ಕೊಡುತ್ತಾ ಕೊಡುತ್ತಾ ಎದೆಯಲ್ಲಿ ಗುಳ್ಳೆ ಏಳುವ ಭಯವೂ ಇರುತ್ತದೆ. ಹೊಲಿಗೆ ಅಚ್ಚುಕಟ್ಟು. ಕೈಯಿಂದ ಹಾಕಿದ ಕಾಜ ನೋಡಿ ನನಗೆ ಸಂತೋಷವೇ ಆಯಿತು.

ದೂರು ಬರೆದಾಗ ಟೈಲರ್ ಕಡೆಯಿಂದ ಬಂದ ಮೊದಲ ಉತ್ತರ: ನಿಮ್ಮ ಊರಿನಲ್ಲೇ ಆಲ್ಟ್ರೇಷನ್ ಮಾಡಿಸಿ, ರಸೀದಿ ಕಳಿಸಿದರೆ ಇಷ್ಟು ಮೊತ್ತದವರೆಗೆ ಕೊಡುತ್ತೇವೆ. ವಾಪಸು ಕಳಿಸಬಹುದಿತ್ತು, ಆದರೆ ಹಿಂದೆ ಬರುವಾಗ ಮೊದಲ ಆಮದಿನ ಕಾಗದ, ರಿಪೇರಿಗೆ ಹೋದದ್ದೆಂಬ ದಾಖಲೆ ಎಲ್ಲ ಸರಿಯಿಲ್ಲದಿದ್ದರೆ ಎರಡನೇ ಸಲವೂ ತೆರಿಗೆ ಬೀಳುತ್ತದೆ. ಹಾಗಾಗಿ ರೆಡಿಂಗಿನ ಆಲ್ಟ್ರೇಷನ್ ಅಂಗಡಿಗೆ ಒಯ್ದ. ಅಲ್ಲಿನ ಹೆಂಗಸು ಕೆಲಸ ಬಲ್ಲವರು. ಪ್ಯಾಂಟಿನ ಸೊಂಟ, ಉದ್ದ ತಿದ್ದಿಕೊಟ್ಟರು. ತಗ್ಗಿದ ಬಲಭುಜದೊಳಗೆ ತೆಳುವಾದ ಪ್ಯಾಡೊಂದನ್ನು ಹೆಚ್ಚಿಗೆ ಇಟ್ಟರು, ಓರೆ ಮಡಿಕೆ ಬಹುಮಟ್ಟಿಗೆ ಹೋಯಿತು. ಕಾಲರಿನ ಸಂದಿಗೆ ಮಾತ್ರ ಆಗುವುದಿಲ್ಲ ಎಂದರು. ಬೆನ್ನಿನ ಬಟ್ಟೆಯನ್ನು ಮೇಲಕ್ಕೆ ಬಿಡಬೇಕಾದರೆ ಭುಜದ ಹೊಲಿಗೆಯ ಒಳಗೆ, ಕತ್ತಿನ ಬಳಿ ಮಡಿಸಿಟ್ಟ ಬಟ್ಟೆ ಇರಬೇಕು. ಹಳೇ ಕಾಲದ ದರ್ಜಿಗಳು ಅಲ್ಲಿ ಧಾರಾಳವಾಗಿ ಮಾರ್ಜಿನ್ ಬಿಡುತ್ತಿದ್ದರು. ಇಲ್ಲಿ ಲೈನಿಂಗ್ ಬಿಚ್ಚಿ ನೋಡಿದರೆ ಹೊಲಿಗೆಗೆ ಎಷ್ಟು ಬೇಕೋ ಅಷ್ಟೇ.

ತೋಳಿನ ಕಥೆಯೂ ಹಾಗೇ. ಅರ್ಧ ಇಂಚು ಮೊಟಕು ಮಾಡುವುದು ಸಣ್ಣ ಕೆಲಸ. ಆದರೆ ಮುಂಗೈ ಬಳಿ ಗುಂಡಿಗಳಿಗೆ ನಿಜವಾದ ಕಾಜ ಕತ್ತರಿಸಿಬಿಟ್ಟಿದ್ದರು, ಅದೊಂದು ಶೋಕಿ. ಕತ್ತರಿಸಿದ ಕಾಜವನ್ನು ಸರಿಸಲಾಗದು. ಕೆಳಗಿನಿಂದ ಮೊಟಕು ಮಾಡಿದರೆ ಕೊನೆಯ ಗುಂಡಿ ಅಂಚಿಗೆ ಬಂದು ಬೀಳುತ್ತದೆ. ತೋಳನ್ನು ಭುಜದಿಂದಲೇ ಬಿಚ್ಚಿ ಮೇಲಿನಿಂದ ಕಡಿಮೆ ಮಾಡಬೇಕು. ಆಗಲೇ ತೋಳನ್ನು ಸ್ವಲ್ಪ ತಿರುಗಿಸಿ ಕೂರಿಸಿದರೆ ಹಿಂದಿನ ಸುಕ್ಕೂ ಹೋಗುತ್ತದೆ. ಸಾದಾ ನೇವಿಯಲ್ಲಿ ಇದು ಸಾಧ್ಯ. ಚೌಕಳಿಯಲ್ಲಿ ತೋಳು ತಿರುಗಿಸಿದರೆ ಎದೆಯ ಗೆರೆಗೂ ತೋಳಿನ ಗೆರೆಗೂ ತಾಳ ತಪ್ಪುತ್ತದೆ. ಮೊದಲ ಸಲ ಹೊಲಿಸುವ ಕೋಟಿಗೆ ಚೌಕಳಿ ಬೇಡ, ಮುಂಗೈ ಕಾಜ ಕತ್ತರಿಸಬೇಡಿ ಎಂದು ನಾನು ಯಾರು ಕೇಳಿದರೂ ಹೇಳುತ್ತೇನೆ. ಗುಂಡಿ ಸುಮ್ನೆ ಮೇಲೆ ಹೊಲಿದಿರಲಿ, ಕೋಟು ಮೈಗೆ ಕೂತ ಮೇಲೆ ಕಾಜ ಹಾಕಿಸಿದರಾಯಿತು.

ಈ ಹಂತದಲ್ಲಿ ನಾವು ಟೈಲರ್‌ಗೆ ಇನ್ನೊಂದು ಪತ್ರ ಬರೆದೆವು. ಸರಿಯಿಲ್ಲ, ಚೆನ್ನಾಗಿಲ್ಲ ಎಂಬ ಮಾತು ಅದರಲ್ಲಿ ಒಂದೂ ಇರಲಿಲ್ಲ. ದೋಷ ಎಲ್ಲಿ, ಎಷ್ಟು, ಯಾಕೆ ಎಂದಷ್ಟೇ ಇತ್ತು. ಬಾಗಿಲ ಚೌಕಟ್ಟಿನ ಪಕ್ಕದ ಫೋಟೋಗಳು, ಕೋಟು ಹಾಕಿ ಒಂದು ಸಾಲು, ಮೈಗಂಟುವ ಬನಿಯನ್ನಿನಲ್ಲಿ ಒಂದು ಸಾಲು. ಜೊತೆಗೆ ಫಾರಂನಲ್ಲಿ ಇಲ್ಲದ ಎರಡು ಅಳತೆ. ಸೊಂಟಕ್ಕೆ ಒಂದು ಎಲಾಸ್ಟಿಕ್ ಪಟ್ಟಿ ಕಟ್ಟಿ, ನೆಲಕ್ಕೆ ಸಮವಾಗಿ ನಿಲ್ಲಿಸಬೇಕು. ಕತ್ತಿನ ಹಿಂದೆ ತಲೆ ಬಗ್ಗಿಸಿದರೆ ಕೈಗೆ ಸಿಗುವ ಮೂಳೆಯಿಂದ ಬೆನ್ನ ಮೇಲೆ ನೇರ ಕೆಳಗೆ ಆ ಪಟ್ಟಿಯವರೆಗೆ ಒಂದು. ಅದೇ ಮೂಳೆಯಿಂದ ಕತ್ತಿನ ಪಕ್ಕ ಬಳಸಿ, ಎದೆಯ ಮೇಲಿಂದ ಮುಂದಿನ ಪಟ್ಟಿಯವರೆಗೆ ಇನ್ನೊಂದು, ಬಲಕ್ಕೂ ಎಡಕ್ಕೂ ಬೇರೆ ಬೇರೆ. ಹಿಂದು ಮುಂದಿನ ಈ ಎರಡು ಅಂಕಿಗಳ ವ್ಯತ್ಯಾಸದಲ್ಲಿ ಭಂಗಿ ಸಿಕ್ಕಿಬೀಳುತ್ತದೆ. ಅವನ ರೂಮ್‌ಮೇಟ್ ಅಳೆದ, ನಾನು ವಿಡಿಯೋದಲ್ಲಿ ನೋಡುತ್ತಾ ಹೇಳಿಕೊಟ್ಟೆ. ಟೇಪು ಹಿಡಿದು ಅಭ್ಯಾಸವಿಲ್ಲದವರು ಒಂದೊಂದು ಸಲಕ್ಕೂ ಒಂದೊಂದು ಅಂಕಿ ಹೇಳುತ್ತಾರೆ. ಒಂದೇ ಅಂಕಿ ಮತ್ತೆ ಮತ್ತೆ ಬರುವ ತನಕ ಅಳೆಸಿದೆ.

ಈ ಪತ್ರ ಅಂಗಡಿಯ ಕತ್ತರಿ ಹಿಡಿಯುವವರ ಕೈ ಸೇರಿತು ಎಂದು ಕಾಣುತ್ತದೆ. ಉತ್ತರದ ಧಾಟಿಯೇ ಬೇರೆ ಇತ್ತು. ಬಲಭುಜ ಎಷ್ಟು ಇಳಿದಿದೆ, ಬೆನ್ನಿನ ಉಬ್ಬು ಎಲ್ಲಿ ಜಾಸ್ತಿ, ಶರ್ಟಿನ ಕಾಲರ್ ಕೋಟಿನ ಮೇಲೆ ಎಷ್ಟು ಕಾಣಬೇಕು ಎಂದೆಲ್ಲ ಕೇಳಿದರು. ನೇವಿ ಕೋಟನ್ನು ತಮ್ಮ ಖರ್ಚಿನಲ್ಲಿ ಹೊಸದಾಗಿ ಹೊಲಿದು ಕೊಡುತ್ತೇವೆ ಎಂದರು. ಪ್ಯಾಂಟಿನ ಬಣ್ಣಕ್ಕೆ ಹೊಂದಬೇಕಲ್ಲ, ಅದೇ ಥಾನಿನ ಬಟ್ಟೆ ಅವರ ಬಳಿ ಉಳಿದಿದ್ದದ್ದು ಅದೃಷ್ಟ. ಚೌಕಳಿ ಸೂಟಿಗೆ ಸ್ವಲ್ಪ ಹಣ ವಾಪಸು. ನಾವು ಕೇಳಿದ್ದು ಒಂದೇ, ಈ ಸಲ ಮಧ್ಯೆ ಟ್ರಯಲ್ ಬೇಕು. ಸೆಪ್ಟೆಂಬರಿನಲ್ಲಿ ಹೇಗೂ ಲಂಡನ್ನಿಗೆ ಬರುತ್ತೇವೆ, ಕಚ್ಚಾ ಹೊಲಿಗೆ ಹಾಕಿದ ಕೋಟು ತರುತ್ತೇವೆ ಎಂದು ಒಪ್ಪಿದರು.

ತಂದರು. ಬಿಳಿ ದಾರದ ಉದ್ದುದ್ದ ಟಾಕಾ ಹಾಕಿ ಜೋಡಿಸಿದ ಕೋಟು. ಜೇಬಿಲ್ಲ, ಗುಂಡಿಯಿಲ್ಲ, ಲೈನಿಂಗಿಲ್ಲ, ಭುಜದಲ್ಲಿ, ಕತ್ತಿನಲ್ಲಿ ಧಾರಾಳ ಮಾರ್ಜಿನ್. ಮೈಮೇಲೆ ಹಾಕಿಸಿ, ಕಾಲರನ್ನು ಟಾಕಾ ಬಿಚ್ಚಿ ಎತ್ತಿ ಕತ್ತಿಗೆ ಒತ್ತಿ ಹಿಡಿದು, ಮತ್ತೆ ಪಿನ್ನು ಚುಚ್ಚಿದರು. ಬಲಭುಜದ ಹೊಲಿಗೆಯಲ್ಲಿ ಇನ್ನೂ ಕಾಲು ಇಂಚು ಒಳಗೆ ಹಿಡಿದರು. ತೋಳು ಬಿಡಿಯಾಗಿಯೇ ಇತ್ತು. ಇವನ ಕೈ ಸುಮ್ಮನೆ ಇಳಿಬಿಡಿಸಿ, ಕೈ ಎತ್ತ ಬೀಳುತ್ತದೋ ಅತ್ತ ತೋಳನ್ನು ಪಿನ್ನು ಮಾಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರು. ಆಗ ಅವನು ನನಗೆ ಫೋನು ಮಾಡಿ, "ಭಾವ, ಅವತ್ತು ಇದನ್ನೇ ಮಾಡಿದ್ದರೆ ಆಗ್ತಿತ್ತಲ್ವಾ?" ಎಂದ. ಆಗುತ್ತಿತ್ತು. ಮೊದಲ ಸಲವೇ ಕೇಳಿದ್ದರೆ ಅದಕ್ಕೆ ಬೇರೆ ಬೆಲೆ ಹೇಳುತ್ತಿದ್ದರು, ಕೊಡಬಹುದಾದ ಬೆಲೆಯೇ ಅದು. ಅವರ ಮುಂದಿನ ಭೇಟಿಯವರೆಗೆ ಆರು ತಿಂಗಳು ಕಾಯಬೇಕಾಗುತ್ತಿತ್ತು. ಡಿಸೆಂಬರಿನ ಮದುವೆಗೆ ಮಾರ್ಚಿಯಲ್ಲಿ ಆರ್ಡರ್ ಕೊಟ್ಟವನಿಗೆ ಆ ಪುರುಸೊತ್ತು ಇತ್ತು ಕೂಡ.

ಹೊಸ ಕೋಟು ನವೆಂಬರಿನಲ್ಲಿ ಬಂತು. ಈ ಸಲ ಬದಲಿ ಸರಕು ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆಸಿ, ಹಳೆಯ ಬಿಲ್ಲಿನ ಪ್ರತಿ, ಪತ್ರ ವ್ಯವಹಾರ ಎಲ್ಲ ಜೊತೆಗಿಡಿಸಿದ್ದ. ಆದರೂ ತೆರಿಗೆ ಹಾಕಿದರು, ಅದನ್ನು ಟೈಲರ್ ಭರಿಸಿದರು. ಮೈಸೂರಿಗೆ ಬಂದಾಗ ಮದುವೆ ಮನೆಯ ಗಲಾಟೆ ನಡುವೆ ಅವನನ್ನು ಒಂದು ಕೋಣೆಗೆ ಕರೆದು ಹಾಕಿಸಿ ನೋಡಿದೆ. ಕಾಲರ್ ಕತ್ತಿಗೆ ಅಂಟಿ ಕೂತಿದೆ, ತಲೆ ಅತ್ತ ಇತ್ತ ತಿರುಗಿಸಿದರೂ ಬಿಡುವುದಿಲ್ಲ. ಬಲಭುಜ ತಗ್ಗಿದ್ದು ಕಾಣುವುದೇ ಇಲ್ಲ. ಎಡತೋಳಿನ ಹಿಂದೆ ಸಣ್ಣ ಸುಕ್ಕು ಉಳಿದಿದೆ, ಅದು ನನ್ನ ಕಣ್ಣಿಗೆ ಬೀಳುವಂಥದ್ದು, ನೆಂಟರ ಕಣ್ಣಿಗಲ್ಲ. ಆರತಕ್ಷತೆಯಲ್ಲಿ ಮೂರು ಗಂಟೆ ನಿಂತು ಕೈ ಕುಲುಕಿದ, ಎಲ್ಲೂ ಎಳೆಯಲಿಲ್ಲ. ಕಲ್ಯಾಣಮಂಟಪದ ದೀಪ, ಜನರ ಬಿಸಿಗೆ ಸೆಕೆ ಮಾತ್ರ ಆಯಿತು.

ಚೌಕಳಿ ಕೋಟನ್ನೂ ಅವನು ಊರಿಗೆ ತಂದಿದ್ದ. ಬಿಚ್ಚಿ ನೋಡಿದೆ. ರೆಡಿಂಗಿನ ಆ ಹೆಂಗಸು ಹೇಳಿದ್ದು ಅಕ್ಷರಶಃ ನಿಜ, ಬೆನ್ನಿಗೆ ಬಿಡಲು ಬಟ್ಟೆಯೇ ಇಲ್ಲ. ಅವನು ಅದನ್ನು ಆಫೀಸಿಗೆ ಗುಂಡಿ ಹಾಕದೆ ಹಾಕಿಕೊಳ್ಳುತ್ತಾನೆ. ತೆರಿಗೆ, ಆಲ್ಟ್ರೇಷನ್ ಸೇರಿಸಿ ವಾಪಸು ಬಂದ ಹಣ ಕಳೆದರೆ, ಪ್ಯಾಕೇಜಿನಲ್ಲಿ ಉಳಿಸಿದೆ ಎಂದುಕೊಂಡದ್ದೆಲ್ಲ ಆ ಒಂದು ಸೂಟಿನಲ್ಲೇ ಹೋಯಿತು.

ಈಗ ಮತ್ತೆ ಅದೇ ಟೈಲರ್ ಹತ್ತಿರ ಹೊಲಿಸಲು ಹೊರಟಿದ್ದಾನೆ. ಬೇರೆಯವರ ಹತ್ತಿರ ಹೋಗುವೆ ಎಂದಿದ್ದ, ಬೇಡ ಎಂದವನು ನಾನೇ. ಅವನ ಬೆನ್ನು, ಭುಜಕ್ಕೆ ತಕ್ಕ ಪ್ಯಾಟರ್ನ್ ಈಗ ಇರುವುದು ಆ ಅಂಗಡಿಯಲ್ಲಿ ಮಾತ್ರ, ಸೀಮೆಸುಣ್ಣದ ತಿದ್ದುಪಡಿಗಳ ಸಮೇತ. ಹೊಸಬರ ಹತ್ತಿರ ಹೋದರೆ ಮತ್ತೆ ಮೊದಲಿನಿಂದ ಶುರು. ಮದುವೆಯಾದ ಮೇಲೆ ಹೊಟ್ಟೆ ಒಂದೂವರೆ ಇಂಚು ಮುಂದೆ ಬಂದಿದೆ, ಆ ಅಂಕಿಯನ್ನೂ ಹೊಸ ಫೋಟೋಗಳನ್ನೂ ಕಳಿಸಿದ್ದಾಯಿತು. ಆರ್ಡರಿನಲ್ಲಿ ಒಂದೇ ಕೋಟು, ಎರಡು ಪ್ಯಾಂಟು. ಸಾದಾ ಬೂದು ಬಟ್ಟೆ, ಸೂಪರ್ 100, ಮೀಟರಿಗೆ 340 ಗ್ರಾಂ ತೂಗುವ ಗಟ್ಟಿ ನೇಯ್ಗೆ. ಮುಂಗೈ ಕಾಜ ಕತ್ತರಿಸಬೇಡಿ, ಭುಜದಲ್ಲೂ ಕತ್ತಿನಲ್ಲೂ ಮಾರ್ಜಿನ್ ಬಿಡಿ ಎಂದು ಬಿಲ್ಲಿನ ಮೇಲೆಯೇ ಬರೆಸಿದ್ದಾನೆ. ಟ್ರಯಲ್ ಮುಂದಿನ ಮಾರ್ಚಿಗೆ.